ಜಾಲಪುಟದ ನಮೂನೆಗಳ ಸ್ವಯಂಚಾಲಿತ ಸಲ್ಲಿಕೆ: ಬದಲಾಗುವ ಗುಂಡಿಗಳ ಸಮಸ್ಯೆ

ಗ್ರಂಥಾಲಯದ ಸೂಚಿಪತ್ರಗಳನ್ನು ಗಣಕಕ್ಕೆ ಏರಿಸುವ ಕಾರ್ಯದಲ್ಲಿ ತೊಡಗಿದವರಿಗೆ ಒಂದೇ ನಮೂನೆಯನ್ನು ನೂರಾರು ಬಾರಿ ತುಂಬುವ ಬೇಸರ ಚಿರಪರಿಚಿತವಾದುದು. ಗ್ರಂಥಕರ್ತ, ಶೀರ್ಷಿಕೆ, ಪ್ರಕಾಶಕರು, ಪ್ರಕಟಣೆಯ ವರ್ಷ ಇವುಗಳನ್ನು ತುಂಬಿ ‘ಉಳಿಸು’ ಎಂಬ ಗುಂಡಿಯನ್ನು ಒತ್ತಿದರೆ ಒಂದು ದಾಖಲೆ ಮುಗಿಯಿತು. ಮತ್ತೆ ಅದೇ ಕ್ರಮದ ಪುನರಾವರ್ತನೆ. ಈ ದುಡಿಮೆಯನ್ನು ಒಂದು ಕ್ರಮವಿಧಿಗೆ ವಹಿಸಬೇಕೆಂಬ ಆಲೋಚನೆ ಸಹಜವಾಗಿಯೇ ಹುಟ್ಟುತ್ತದೆ. ಆದರೆ ಹೀಗೆ ವಹಿಸಿಕೊಟ್ಟ ಕೆಲಸ ತಪ್ಪುವುದು ಬಹುಮಟ್ಟಿಗೆ ಮಾಹಿತಿ ತುಂಬುವ ಹಂತದಲ್ಲಲ್ಲ, ಗುಂಡಿ ಒತ್ತುವ ಹಂತದಲ್ಲಿ. ಗುಂಡಿ ಸ್ಥಿರವಾದ ವಸ್ತುವೆಂದು ನಾವು ಭಾವಿಸುವುದೇ ಇದಕ್ಕೆ ಕಾರಣ. ಅದರ ಬದಲಾವಣೆಗಳ ಸ್ವರೂಪವನ್ನೂ ಅವುಗಳನ್ನು ನಿಭಾಯಿಸುವ ಕ್ರಮವನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗುಂಡಿಯ ಕಾರ್ಯ

ಜಾಲಪುಟದಲ್ಲಿ ನಮೂನೆಯ ವ್ಯವಸ್ಥೆಯು 1995ರಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0 ನಿರೂಪಣೆಯಲ್ಲಿಯೇ ಸೇರಿತ್ತು. ‘ಬಟನ್’ ಎಂಬ ಪ್ರತ್ಯೇಕ ಘಟಕವನ್ನು 1997ರ ಎಚ್‌ಟಿಎಂಎಲ್ 4.0 ತಂದಿತು. ಒಂದು ನಮೂನೆಯಲ್ಲಿ ಸಲ್ಲಿಕೆಯ ಗುಂಡಿಗಳು ಎರಡೋ ಮೂರೋ ಇದ್ದಾಗ, ಒತ್ತಲ್ಪಟ್ಟ ಗುಂಡಿಯ ಹೆಸರು ಮತ್ತು ಮೌಲ್ಯ ಮಾತ್ರ ಉಳಿದ ಮಾಹಿತಿಯೊಡನೆ ಸರ್ವರಿಗೆ ಹೋಗುತ್ತದೆ; ಒತ್ತದ ಗುಂಡಿಗಳ ಸುದ್ದಿ ಹೋಗುವುದಿಲ್ಲ. ಹಲವು ವ್ಯವಸ್ಥೆಗಳಲ್ಲಿ ಬಂದ ದಾಖಲೆಯನ್ನು ಕರಡಾಗಿ ಇಡಬೇಕೆ, ಅಂತಿಮವಾಗಿ ಸೇರಿಸಬೇಕೆ ಎಂಬುದನ್ನು ಸರ್ವರು ನಿರ್ಧರಿಸುವುದು ಈ ಒಂದು ಮೌಲ್ಯವನ್ನು ನೋಡಿಯೇ. ಆದುದರಿಂದ ಗುಂಡಿಯು ಕೇವಲ ಬಾಗಿಲಲ್ಲ, ಅದೂ ಮಾಹಿತಿಯ ಒಂದು ಭಾಗ.

ಗುಂಡಿಯ ಗೊಡವೆಯೇ ಬೇಡವೆಂದು ‘ಸಬ್ಮಿಟ್’ ಎಂಬ ಆಜ್ಞೆಯಿಂದ ನಮೂನೆಯನ್ನು ನೇರವಾಗಿ ಕಳುಹಿಸುವವರು ಇಲ್ಲಿ ಎಡವುತ್ತಾರೆ. ಆ ಆಜ್ಞೆಯು ಯಾವ ಗುಂಡಿಯ ಮೌಲ್ಯವನ್ನೂ ಕೊಂಡೊಯ್ಯುವುದಿಲ್ಲ. ಬ್ರೌಸರಿನ ತಪಾಸಣೆಯನ್ನೂ, ಸಲ್ಲಿಕೆಗೆ ಮುನ್ನ ನಡೆಯಲೆಂದು ಪುಟವನ್ನು ರಚಿಸಿದವರು ಬರೆದ ಕ್ರಿಯೆಗಳನ್ನೂ ದಾಟಿಹೋಗುತ್ತದೆ. ಅನಂತರ ಬಂದ ‘ರಿಕ್ವೆಸ್ಟ್‌ಸಬ್ಮಿಟ್’ ಎಂಬ ಆಜ್ಞೆಯಲ್ಲಿ ಈ ಕೊರತೆಯಿಲ್ಲ. ಯಾವ ಗುಂಡಿಯ ಪರವಾಗಿ ಸಲ್ಲಿಕೆ ನಡೆಯುತ್ತಿದೆ ಎಂಬುದನ್ನು ಅದಕ್ಕೆ ತಿಳಿಸಬಹುದು.

ಬದಲಾವಣೆಯ ಬಗೆಗಳು

ಗುಂಡಿಯ ಬದಲಾವಣೆಗಳನ್ನು ಸ್ಥೂಲವಾಗಿ ಐದು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಸ್ಥಾನದ ಬದಲಾವಣೆ. ‘ಪುಟದ ಎರಡನೆಯ ಗುಂಡಿಯನ್ನು ಒತ್ತು’ ಎಂದು ಬರೆದ ಕ್ರಮವಿಧಿಗೆ ಸ್ಥಾನವೇ ಗುರುತು. ಮಾಹಿತಿ ತಿದ್ದುವ ಪುಟಗಳಲ್ಲಿ ‘ಉಳಿಸು’ ಮತ್ತು ‘ಅಳಿಸು’ ಎಂಬ ಗುಂಡಿಗಳು ಅಕ್ಕಪಕ್ಕದಲ್ಲಿರುವುದು ಅಪರೂಪವಲ್ಲ. ವಿನ್ಯಾಸಕಾರರು ಅವುಗಳ ಕ್ರಮವನ್ನು ಅದಲುಬದಲು ಮಾಡಿದರೆ ಮನುಷ್ಯನ ಕಣ್ಣು ಅದನ್ನು ಗ್ರಹಿಸುತ್ತದೆ. ಕ್ರಮವಿಧಿಯಾದರೋ ಉಳಿಸಬೇಕಾದ ದಾಖಲೆಗಳನ್ನು ಒಂದೊಂದಾಗಿ ಅಳಿಸುತ್ತ ಹೋಗುತ್ತದೆ. ಕನ್ನಡದಲ್ಲಿ ಈ ಎರಡು ಪದಗಳ ನಡುವಿನ ಅಂತರ ಒಂದೇ ಅಕ್ಷರ. ಪರಿಣಾಮದ ಅಂತರ ಮಾತ್ರ ಅಪಾರ.

ಎರಡನೆಯದು ಗುರುತಿನ ಬದಲಾವಣೆ. ಘಟಕಗಳಿಗೆ ‘ಐಡಿ’ ಎಂಬ ಗುರುತು ಇರುತ್ತದೆ. ಅನೇಕ ಚೌಕಟ್ಟುಗಳು ಈ ಗುರುತನ್ನು ತಾವೇ ಹುಟ್ಟಿಸುವುದರಿಂದ ಪುಟದ ರಚನೆಯಲ್ಲಿ ಸಣ್ಣ ಮಾರ್ಪಾಡಾದರೂ ಅದು ಬೇರೆಯಾಗಬಹುದು.

ಮೂರನೆಯದು ಸ್ಥಿತಿಯ ಬದಲಾವಣೆ. ಕಡ್ಡಾಯ ವಿವರಗಳು ತುಂಬುವ ತನಕ ಗುಂಡಿ ನಿಷ್ಕ್ರಿಯವಾಗಿರುತ್ತದೆ. ಹಂತಹಂತದ ನಮೂನೆಗಳಲ್ಲಿ ಒಂದೇ ಗುಂಡಿ ಮೊದಲು ‘ಮುಂದೆ’ ಎಂದೂ, ಕೊನೆಯ ಹಂತದಲ್ಲಿ ‘ಸಲ್ಲಿಸು’ ಎಂದೂ, ಒತ್ತಿದ ಮೇಲೆ ‘ದಯವಿಟ್ಟು ಕಾಯಿರಿ’ ಎಂದೂ ಹೆಸರು ಬದಲಿಸುತ್ತದೆ.

ನಾಲ್ಕನೆಯದು ಘಟಕವೇ ಬದಲಾಗುವುದು. ಪುಟದ ಒಂದು ಭಾಗವನ್ನು ಹೊಸದಾಗಿ ಚಿತ್ರಿಸಿದಾಗ ಹಳೆಯ ಗುಂಡಿ ಅಳಿದು, ಅದೇ ಜಾಗದಲ್ಲಿ ಅದೇ ರೂಪದ ಬೇರೊಂದು ಗುಂಡಿ ಬಂದಿರುತ್ತದೆ. ನೋಡುವವರಿಗೆ ಏನೂ ಆಗಿಲ್ಲ. ಆದರೆ ಕ್ರಮವಿಧಿಯು ಹಿಡಿದಿರುವುದು ಇಲ್ಲವಾದ ಗುಂಡಿಯನ್ನು. ಸೆಲೆನಿಯಂ ಎಂಬ ಸಾಧನದಲ್ಲಿ ‘ಸ್ಟೇಲ್ ಎಲಿಮೆಂಟ್’ ಎಂಬ ದೋಷಸೂಚನೆ ಬರುವುದು ಇಂತಹ ಸಂದರ್ಭದಲ್ಲಿಯೇ.

ಐದನೆಯದು ಭಾಷೆಯ ಬದಲಾವಣೆ. ದ್ವಿಭಾಷಾ ಜಾಲತಾಣಗಳಲ್ಲಿ ಬಳಕೆದಾರರ ಆಯ್ಕೆಯನ್ನು ಅನುಸರಿಸಿ ಗುಂಡಿಯ ಹೆಸರು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಕಾಣುತ್ತದೆ.

ಕನ್ನಡ ಲಿಪಿಯ ವಿಶೇಷ ತೊಡಕು

ಹೆಸರನ್ನೇ ನಂಬಿ ಗುಂಡಿಯನ್ನು ಹುಡುಕುವವರು ಕನ್ನಡದ ಸಂದರ್ಭದಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಯೂನಿಕೋಡಿನಲ್ಲಿ ‘ಏ’ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ಎ’ಕಾರದ ಚಿಹ್ನೆ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಹೀಗಾಗಿ ‘ಸೇರಿಸು’ ಎಂಬ ಪದ ಒಮ್ಮೆ ಆರು ಸಂಕೇತಗಳ ಸಾಲು, ಇನ್ನೊಮ್ಮೆ ಏಳು ಸಂಕೇತಗಳ ಸಾಲು. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. ಈ, ಐ, ಒ, ಓ ಸ್ವರಗಳ ಚಿಹ್ನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹೋಲಿಸುವ ಮುನ್ನ ಎರಡೂ ಪಠ್ಯಗಳನ್ನು ಎನ್‌ಎಫ್‌ಸಿ ಎಂಬ ಪ್ರಮಾಣರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಅರ್ಧಾಕ್ಷರದಿಂದ ಮುಗಿಯುವ ಪದದ ತುದಿಯಲ್ಲಿ ಉಳಿದುಬಿಡುವ ಅಗೋಚರವಾದ ಬೇರ್ಪಡಿಕೆಯ ಸಂಕೇತವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಅದನ್ನೂ ಪದದ ಹಿಂದುಮುಂದಿನ ಖಾಲಿ ಜಾಗವನ್ನೂ ಪ್ರತ್ಯೇಕವಾಗಿ ಕಳೆಯಬೇಕು.

ನಿಭಾಯಿಸುವ ಕ್ರಮ

ಬ್ರೌಸರನ್ನು ಕ್ರಮವಿಧಿಯಿಂದ ನಡೆಸುವ ಸೆಲೆನಿಯಂ 2004ರಲ್ಲಿ ರೂಪುಗೊಂಡಿತು. ಇದರೊಡನೆ ಬೆಳೆದ ವೆಬ್‌ಡ್ರೈವರ್ ಪದ್ಧತಿಯನ್ನು ವಿಶ್ವ ಜಾಲ ಒಕ್ಕೂಟವು 2018ರಲ್ಲಿ ಮಾನಕವಾಗಿ ಅಂಗೀಕರಿಸಿತು. ಪ್ಲೇರೈಟ್ ಎಂಬ ಸಾಧನ 2020ರಲ್ಲಿ ಬಂದಿತು. ಸಾಧನ ಯಾವುದಾದರೂ ಅನುಸರಿಸಬೇಕಾದ ಸೂತ್ರಗಳು ಒಂದೇ.

ಗುಂಡಿಯನ್ನು ಅದರ ಪಾತ್ರದಿಂದ ಗುರುತಿಸಬೇಕು. ಮೊದಲು ಸರಿಯಾದ ನಮೂನೆಯನ್ನು ಕಂಡುಕೊಂಡು, ಅದರೊಳಗೆ ಮಾತ್ರ ಸಲ್ಲಿಕೆಯ ಗುಂಡಿಯನ್ನು ಹುಡುಕುವುದು ಲೇಸು. ‘ಹೆಸರು’, ‘ಮೌಲ್ಯ’ ಎಂಬ ಗುಣಗಳನ್ನು ಸರ್ವರೇ ಅವಲಂಬಿಸಿದ್ದರೆ ಅವು ಬೇಗನೆ ಬದಲಾಗುವುದಿಲ್ಲ. ಹೊರಗಿನ ಪಠ್ಯ, ಬಣ್ಣ, ಸ್ಥಾನಗಳು ಬದಲಾಗುತ್ತವೆ. ಪಠ್ಯವನ್ನೇ ಅವಲಂಬಿಸಬೇಕಾಗಿ ಬಂದರೆ ಪೂರ್ಣಪದ ಹೊಂದಾಣಿಕೆಯೇ ಸರಿ. ‘ಸಲ್ಲಿಸು’ ಎಂಬ ಅಕ್ಷರಗಳು ‘ಸಲ್ಲಿಸುವ ಮುನ್ನ ನೋಡಿ’ ಎಂಬ ಗುಂಡಿಯಲ್ಲಿಯೂ ಅಡಗಿವೆ. ಹುಡುಕಾಟಕ್ಕೆ ಸಿಕ್ಕಿದ್ದು ನಿಖರವಾಗಿ ಒಂದೇ ಗುಂಡಿಯಾಗಿರಬೇಕು. ಒಂದೂ ಸಿಗದಿದ್ದರೆ ಅಥವಾ ಎರಡು ಸಿಕ್ಕರೆ ಊಹೆಗೆ ಎಡೆಗೊಡದೆ ಕ್ರಮವಿಧಿಯು ನಿಲ್ಲಬೇಕು.

ಕಾಯುವುದರಲ್ಲಿಯೂ ವಿವೇಕ ಅಗತ್ಯ. ‘ಐದು ಸೆಕೆಂಡು ಸುಮ್ಮನಿರು’ ಎಂಬ ಆಜ್ಞೆ ಜಾಲವು ಚುರುಕಾಗಿರುವಾಗ ಕಾಲಹರಣ, ಮಂದವಾಗಿರುವಾಗ ನಿಷ್ಪ್ರಯೋಜಕ. ಅದರ ಬದಲು ಗುಂಡಿ ಗೋಚರವಾಗಿ ಸಕ್ರಿಯವಾಗುವ ತನಕ, ಒಂದು ಮಿತಿಯೊಳಗೆ, ಮರಳಿ ಮರಳಿ ಪರೀಕ್ಷಿಸಬೇಕು. ಸೆಲೆನಿಯಂನ ಷರತ್ತುಬದ್ಧ ಕಾಯುವಿಕೆ ಸಾಮಾನ್ಯವಾಗಿ ಅರ್ಧ ಸೆಕೆಂಡಿಗೊಮ್ಮೆ ಹೀಗೆ ಪರೀಕ್ಷಿಸುತ್ತದೆ. ಪ್ಲೇರೈಟ್ ಒತ್ತುವ ಮುನ್ನ ತಾನೇ ಈ ತಪಾಸಣೆ ನಡೆಸುತ್ತದೆ. ಗುಂಡಿಯನ್ನು ಮೊದಲೇ ಹಿಡಿದಿಟ್ಟುಕೊಳ್ಳದೆ ಒತ್ತುವ ಕ್ಷಣದಲ್ಲಿ ಹೊಸದಾಗಿ ಹುಡುಕಿದರೆ ನಾಲ್ಕನೆಯ ಬಗೆಯ ತೊಂದರೆ ಬಹುಪಾಲು ಕಳೆಯುತ್ತದೆ.

ಎರಡನೆಯ ಬಾರಿ ಒತ್ತುವ ಪ್ರಶ್ನೆ

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಒತ್ತಿದ ಮೇಲೆ ಏಳುತ್ತದೆ. ಗುಂಡಿ ‘ದಯವಿಟ್ಟು ಕಾಯಿರಿ’ ಎಂದು ಬದಲಾಗಿ, ಉತ್ತರ ಬಾರದೆ, ಮತ್ತೆ ‘ಸಲ್ಲಿಸು’ ಎಂದು ಮರಳಿತೆಂದುಕೊಳ್ಳೋಣ. ದಾಖಲೆ ಸೇರಿತೆ, ಇಲ್ಲವೆ? ದಾಖಲೆ ಸೇರಿಸುವ ನಮೂನೆಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ‘ಪೋಸ್ಟ್’ ವಿಧಾನದಲ್ಲಿ ಎರಡು ಬಾರಿ ಕಳುಹಿಸಿದ್ದು ಒಂದು ಬಾರಿ ಕಳುಹಿಸಿದ್ದಕ್ಕೆ ಸಮ ಎಂಬ ಭರವಸೆಯಿಲ್ಲ. ಯೋಚಿಸದೆ ಮತ್ತೆ ಒತ್ತಿದರೆ ಒಂದೇ ಪ್ರತಿಗೆ ಎರಡು ದಾಖಲೆಗಳು ಹುಟ್ಟಬಹುದು. ಸೂಚಿಯನ್ನು ನೋಡುವ ಸಂಶೋಧಕರು ಇಲ್ಲದ ಎರಡನೆಯ ಪ್ರತಿಯನ್ನು ಇದೆಯೆಂದು ನಂಬುತ್ತಾರೆ.

ಆದುದರಿಂದ ಒತ್ತಿದ್ದನ್ನು ಯಶಸ್ಸೆಂದು ಎಣಿಸಬಾರದು. ದಾಖಲೆಯ ಸಂಖ್ಯೆಯೋ ಸ್ವೀಕೃತಿಯೋ ಕಂಡಾಗಲೇ ಯಶಸ್ಸು. ಉತ್ತರ ಬಾರದಿದ್ದರೆ ಮರಳಿ ಒತ್ತುವ ಮೊದಲು ಪರಿಗ್ರಹಣ ಸಂಖ್ಯೆಯಿಂದ ಸೂಚಿಯಲ್ಲಿ ಹುಡುಕಿ ನೋಡಬೇಕು. ಕಳುಹಿಸಿದ, ಸ್ವೀಕೃತವಾದ, ಸಂದಿಗ್ಧವಾಗಿ ಉಳಿದ ದಾಖಲೆಗಳನ್ನು ಕ್ರಮವಿಧಿಯೇ ಒಂದು ಪಟ್ಟಿಯಲ್ಲಿ ಬರೆದಿಟ್ಟು, ಸಂದಿಗ್ಧವಾದವುಗಳನ್ನು ಮನುಷ್ಯರ ಪರಿಶೀಲನೆಗೆ ಬಿಡುವುದು ಕ್ಷೇಮ.

ಮಿತಿಗಳು

ಗುಂಡಿಯ ಮೂಲಕವೇ ಹೋಗಬೇಕಾದ ಅಗತ್ಯವಿದೆಯೆ ಎಂಬುದನ್ನು ಮೊದಲು ವಿಚಾರಿಸುವುದು ಒಳಿತು. ನ್ಯೂಜಿಲೆಂಡಿನಲ್ಲಿ ರೂಪುಗೊಂಡು 2000ದಲ್ಲಿ ಬಳಕೆಗೆ ಬಂದ ಕೊಹಾದಂತಹ ಗ್ರಂಥಾಲಯ ತಂತ್ರಾಂಶಗಳು ಮಾರ್ಕ್ ಸ್ವರೂಪದ ದಾಖಲೆಗಳನ್ನು ಒಟ್ಟಾಗಿ ಸ್ವೀಕರಿಸುತ್ತವೆ. ಅಲ್ಲಿ ಗುಂಡಿಯ ಸಮಸ್ಯೆಯೇ ಉದ್ಭವಿಸದು. ಇನ್ನು ಅನ್ಯರ ಜಾಲತಾಣದಲ್ಲಿ ಇಂತಹ ಕೆಲಸ ನಡೆಸಲು ಅವರ ಅನುಮತಿ ಬೇಕು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 43ನೆಯ ಕಲಮು ಅನುಮತಿಯಿಲ್ಲದ ಪ್ರವೇಶವನ್ನು ಹೊಣೆಗಾರಿಕೆಗೆ ಒಳಪಡಿಸುತ್ತದೆ. ಮನುಷ್ಯರೇ ಬಂದಿದ್ದಾರೆಂದು ಖಚಿತಪಡಿಸಿಕೊಳ್ಳಲು ಇಟ್ಟ ‘ಕ್ಯಾಪ್ಚಾ’ ಪರೀಕ್ಷೆಯನ್ನು ಬದಲಾಗುವ ಇನ್ನೊಂದು ಗುಂಡಿಯೆಂದು ಭಾವಿಸಿ ದಾಟುವುದು ಸಲ್ಲದು.

ಒಟ್ಟಿನಲ್ಲಿ, ಗುಂಡಿ ಬದಲಾಗುವುದನ್ನು ತಡೆಯಲು ಕ್ರಮವಿಧಿ ಬರೆಯುವವರಿಗೆ ಸಾಧ್ಯವಿಲ್ಲ. ಬದಲಾದುದನ್ನು ಗುರುತಿಸಿ ನಿಲ್ಲುವಂತೆ ಅದನ್ನು ರಚಿಸುವುದು ಮಾತ್ರ ಅವರ ಕೈಯಲ್ಲಿದೆ. ಸಂದೇಹ ಬಂದಾಗ ನಿಲ್ಲುವ ಕ್ರಮವಿಧಿ ನಮ್ಮ ಒಂದು ಗಂಟೆಯನ್ನು ಕಳೆಯಬಹುದು. ಸಂದೇಹವಿಲ್ಲದೆ ಮುನ್ನುಗ್ಗುವ ಕ್ರಮವಿಧಿ ವರ್ಷಗಳ ಶ್ರಮದಿಂದ ಸಿದ್ಧವಾದ ಸೂಚಿಯ ವಿಶ್ವಾಸಾರ್ಹತೆಯನ್ನೇ ಕಳೆಯುತ್ತದೆ.