ಗೋಡೆಯ ಕುಲಗೋತ್ರ

ನೋಡುವವರ ಕಣ್ಣಿಗೆ ಗೋಡೆ ಒಂದೇ ವಸ್ತುವಾಗಿ ತೋರಿದರೂ, ಅದನ್ನು ಎಬ್ಬಿಸುವ ಮೇಸ್ತ್ರಿಯ ಪಾಲಿಗೆ ಅದು ಹೊರಗಾರೆ, ಇಟ್ಟಿಗೆ, ಒಳಗಾರೆ, ಸುಣ್ಣಬಣ್ಣಗಳೆಂಬ ಪದರಗಳ ಸಮುಚ್ಚಯ. ‘ಒಂಬತ್ತಿಂಚಿನದು’ ಅಥವಾ ‘ನಾಲ್ಕೂವರೆ ಇಂಚಿನದು’ ಎಂದೊಡನೆಯೇ ಯಾವುದು ಭಾರ ಹೊರತಕ್ಕದ್ದು, ಯಾವುದು ಬರಿಯ ಅಡ್ಡಗೋಡೆ ಎಂಬುದನ್ನು ಆತ ಬೇರೆ ಕೇಳಬೇಕಾಗಿಲ್ಲ. ಬಾಯಿಮಾತಿನಲ್ಲಿ ಅಡಗಿದ್ದ ಈ ತಿಳಿವಳಿಕೆಯನ್ನು ಗಣಕಯಂತ್ರದ ನಕ್ಷೆಯೊಳಗೆ ಕ್ರಮವಾಗಿ ಇರಿಸುವುದು ಇಂದಿನ ವಾಸ್ತುಶಿಲ್ಪಿಯ ಹೊಣೆಗಳಲ್ಲಿ ಒಂದಾಗಿದೆ; ನನ್ನ ಅನುಭವದಲ್ಲಿ ಅದು ಅತ್ಯಂತ ಉಪೇಕ್ಷಿತವಾದ ಹೊಣೆಯೂ ಹೌದು.

1997ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಇಬ್ಬರು ತಂತ್ರಜ್ಞರು ಆರಂಭಿಸಿದ ಉದ್ಯಮದಿಂದ ಹುಟ್ಟಿ, 2000ದಲ್ಲಿ ಬಳಕೆಗೆ ಬಂದು, 2002ರಲ್ಲಿ ಆಟೊಡೆಸ್ಕ್ ಸಂಸ್ಥೆಯ ವಶವಾದ ರೆವಿಟ್ ತಂತ್ರಾಂಶದಲ್ಲಿ ಗೋಡೆಯೆಂದರೆ ಎರಡು ಸಮಾನಾಂತರ ಗೆರೆಗಳಲ್ಲ; ಹೊರಗಿನಿಂದ ಒಳಕ್ಕೆ ಒಂದೊಂದು ಪದರದ ದಪ್ಪ, ದ್ರವ್ಯ, ಕಾರ್ಯಗಳನ್ನು ನಮೂದಿಸಿ ರಚಿಸಿದ ‘ಟೈಪ್’. ಭಾರ ಹೊರುವ ಪದರಕ್ಕೆ 1 ಎಂಬ ಅಂಕೆ, ಕಡೆಯ ಲೇಪಕ್ಕೆ 5; ಎರಡು ಗೋಡೆಗಳು ಸಂಧಿಸುವ ಮೂಲೆಯಲ್ಲಿ ಯಾವ ಪದರ ಯಾವುದನ್ನು ಹಾಯ್ದು ಹೋಗಬೇಕೆಂಬುದನ್ನು ಈ ಅಂಕೆಗಳೇ ನಿರ್ಣಯಿಸುತ್ತವೆ. ಟೈಪಿನಲ್ಲಿ ಒಂದು ಪದರವನ್ನು ತಿದ್ದಿದರೆ, ಆ ಹೆಸರಿನ ಗೋಡೆಗಳು ನಕ್ಷೆಯಲ್ಲಿ ನೂರಿದ್ದರೆ ನೂರೂ ಒಮ್ಮೆಗೇ ಬದಲಾಗುತ್ತವೆ.

ಕೆಲವು ವರ್ಷಗಳ ಹಿಂದೆ ನಾನು ದುಡಿಯುತ್ತಿದ್ದ ಕಚೇರಿಯಲ್ಲಿ, ಅವಸರಕ್ಕೆ ಸಿಕ್ಕಿದ ‘ಜೆನೆರಿಕ್ 200’ ಎಂಬ ಸಿದ್ಧ ಗೋಡೆಯನ್ನೇ ಮನೆಯುದ್ದಕ್ಕೂ ಎಳೆದುಬಿಟ್ಟಿದ್ದೆವು. ಎರಡು ಬ್ಲಾಕ್ ಗೋಡೆಗಳ ನಡುವೆ ಸರಿಯಾಗಿ 1200 ಮಿಲಿಮೀಟರ್ ಬಿಟ್ಟು, ಅಲ್ಲಿ ನಿಲ್ಲಿಸಲೆಂದು 1190ರ ಬೀರು ಮಾಡಿಸಿ ತಂದರೆ, ಇಕ್ಕೆಲದಲ್ಲೂ ಹನ್ನೆರಡು ಹನ್ನೆರಡು ಮಿಲಿಮೀಟರ್ ಗಾರೆ ಬಳಿದು ಉಳಿದದ್ದು 1176. “ಸಾರ್, ಗಾರೆ ದಪ್ಪ ಎಲ್ಲಿ ತೋರಿಸಿದ್ದೀರಿ?” ಎಂದು ಮೇಸ್ತ್ರಿ ಟೇಪನ್ನು ಗೋಡೆಗೆ ಒತ್ತಿ ಹಿಡಿದು ಕೇಳಿದಾಗ, ನಕ್ಷೆಯ ಯಾವ ಹಾಳೆಯಲ್ಲಿಯೂ ಉತ್ತರವಿರಲಿಲ್ಲ. ಬೀರು ವಾಪಸು ಹೋಯಿತು.

ಪದರಗಳನ್ನು ಸರಿಯಾಗಿ ಬರೆದ ಮೇಲೂ ಹೆಸರಿನ ಪ್ರಶ್ನೆ ಉಳಿಯುತ್ತದೆ. ‘ಹೊಸ ಗೋಡೆ’, ‘ಹೊಸ ಗೋಡೆ 2’, ‘ಫೈನಲ್’ ಎಂಬ ಹೆಸರುಗಳು ತುಂಬಿದ ಕಡತವನ್ನು ತೆರೆದವರಿಗೆ ಅದರ ಸಂಕಟ ಗೊತ್ತು. ಹೊರಗೋಡೆಯೋ ಒಳಗೋಡೆಯೋ, ಯಾವ ದ್ರವ್ಯ, ಎಷ್ಟು ದಪ್ಪ: ಹೆಸರು ಇಷ್ಟು ಹೇಳಿದರೆ ಸಾಕೆಂಬುದು ನನ್ನ ಅಭಿಪ್ರಾಯ. ಬೆಂಕಿಯನ್ನು ಎಷ್ಟು ಗಂಟೆ ತಡೆಯಬಲ್ಲುದೆಂಬುದನ್ನು ಹೆಸರಿಗೆ ಪೋಣಿಸದೆ, ಅದಕ್ಕೆಂದೇ ಇರುವ ‘ಫೈರ್ ರೇಟಿಂಗ್’ ಅಂಕಣದಲ್ಲಿ ಬರೆಯತಕ್ಕದ್ದು. ಹಾಗೆ ಬರೆದರೆ ಮಾತ್ರ ಎರಡು ಗಂಟೆಯ ಗೋಡೆಗಳನ್ನೆಲ್ಲ ಒಂದೇ ಪಟ್ಟಿಗೆ ಎಳೆದುಕೊಳ್ಳಬಹುದು, ಮತ್ತು ಆ ಅವಧಿ ನಾಳೆ ಬದಲಾದರೆ ಹೆಸರು ಸುಳ್ಳಾಗುವುದಿಲ್ಲ. ನಕ್ಷೆಯ ಮೇಲೆ ಕಾಣುವ ‘ಟೈಪ್ ಮಾರ್ಕ್’ ಚಿಕ್ಕದಾಗಿರಲಿ. ಆದರೆ ಒಮ್ಮೆ ಸೈಟಿಗೆ ಹೋದ ‘ಡಬ್ಲ್ಯೂ 3’ ಎಂಬ ಗುರುತನ್ನು ಮುಂದೆಂದೂ ಬೇರೊಂದು ಗೋಡೆಗೆ ಕೊಡಲಾಗದು, ಏಕೆಂದರೆ ಗುತ್ತಿಗೆದಾರನ ಪುಸ್ತಕದಲ್ಲಿ ಅದು ಹಳೆಯ ಅರ್ಥದಲ್ಲಿಯೇ ಉಳಿದಿರುತ್ತದೆ.

ಎಷ್ಟು ಟೈಪುಗಳು ಬೇಕು? ಕಟ್ಟುವವನ ಕೆಲಸ ಬದಲಾಗುವಲ್ಲೆಲ್ಲ ಒಂದು. ಬಚ್ಚಲಮನೆಯ ಕಡೆಗೆ ಟೈಲ್ಸ್ ಹತ್ತುವ ಗೋಡೆ ಬೇರೆಯ ಟೈಪೇ ಸರಿ. ತೆಳುನೀಲಿ ಬಣ್ಣದ ಗೋಡೆ ಅಲ್ಲ.

ಇನ್ನೊಂದು ತೊಡಕುಂಟು. ಬಾಗಿಲು ಕಿಟಕಿಗಳಂತೆ ಗೋಡೆಯ ಟೈಪನ್ನು ಪ್ರತ್ಯೇಕ ಕಡತವಾಗಿ ಉಳಿಸಲು ರೆವಿಟ್ಟಿನಲ್ಲಿ ಬಾರದು; ಅದು ಯಾವುದಾದರೊಂದು ಯೋಜನೆಯೊಳಗೆ ಮಾತ್ರ ಬದುಕಬಲ್ಲದು. ಆದಕಾರಣ ತಿಳಿದ ಕಚೇರಿಗಳು ಮಾದರಿ ಗೋಡೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ ಒಂದು ಯೋಜನೆಯನ್ನು ಕಣಜದಂತೆ ಕಾಯ್ದಿರಿಸಿ, ಬೇಕಾದದ್ದನ್ನು ಅಲ್ಲಿಂದ ಒಯ್ಯುತ್ತವೆ. ಕರಾವಳಿಯ ಮುರಕಲ್ಲಾಗಲಿ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಬಳಕೆಗೆ ತಂದ, ಬಹುಪಾಲು ಗಾರೆಯಿಲ್ಲದೆಯೇ ನಿಲ್ಲುವ ಒತ್ತುಮಣ್ಣಿನ ಇಟ್ಟಿಗೆಯಾಗಲಿ ತಂತ್ರಾಂಶದೊಡನೆ ಬರುವ ಸಿದ್ಧ ಗೋಡೆಗಳಲ್ಲಿ ಸಿಗುವಂಥವಲ್ಲ. ಅವುಗಳನ್ನು ನಾವೇ ಪದರ ಪದರವಾಗಿ ಬರೆದುಕೊಳ್ಳಬೇಕು. ನಾನೀಗ ಕಾಯುತ್ತಿರುವ ಕಣಜದಲ್ಲಿ ಎರಡೂ ಇವೆ. ಸಾಲಿನ ಮೊದಲಲ್ಲಿ ಮಾತ್ರ, ಹೊರಗೆ ಇಪ್ಪತ್ತು, ಒಳಗೆ ಹನ್ನೆರಡು ಮಿಲಿಮೀಟರ್ ಗಾರೆ ಹೊತ್ತ 200ರ ಬ್ಲಾಕ್ ಗೋಡೆ ನಿಂತಿದೆ.