ಏಳಕ್ಕೆ ಒಗ್ಗದ ಕೈವಾರ

ಮಿರಜಿನಿಂದ ಬೆಳಗಾವಿಯತ್ತ ಹೊರಟ ರೈಲು ಉಗಾರ, ಕುಡಚಿಗಳನ್ನು ಹಿಂದಿಕ್ಕಿ ಮುಟ್ಟುವ ರಾಯಬಾಗವೇ, ಕನ್ನಡದಲ್ಲಿ ಗಣಿತಗ್ರಂಥಗಳನ್ನು ರಚಿಸಿದವರಲ್ಲಿ ಆದ್ಯನೆನಿಸಿದ ರಾಜಾದಿತ್ಯನ ಪೂವಿನಬಾಗೆಯೆಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಹನ್ನೆರಡನೆಯ ಶತಮಾನದ ಆ ಜೈನಕವಿಯ ಕೃತಿಗಳಲ್ಲಿ ‘ಕ್ಷೇತ್ರಗಣಿತ’ವೆಂಬುದೂ ಒಂದು. ಅದೇ ಶತಮಾನದಲ್ಲಿ, 1150ರ ಸುಮಾರಿಗೆ, ಭಾಸ್ಕರಾಚಾರ್ಯನು ತನ್ನ ‘ಲೀಲಾವತಿ’ಯಲ್ಲಿ ಸಮಭುಜಾಕೃತಿಗಳ ಅಳತೆಗಳನ್ನು ಶ್ಲೋಕಬದ್ಧವಾಗಿ ಕೊಟ್ಟನು. ವೃತ್ತದ ವ್ಯಾಸ 1,20,000 ಎಂದು ಹಿಡಿದರೆ, ಅದರೊಳಗಣ ತ್ರಿಭುಜದ ಬಾಹು 1,03,923, ಚೌಕದ್ದು 84,853, ಪಂಚಭುಜದ್ದು 70,534, ಷಡ್ಭುಜದ್ದು 60,000, ಸಪ್ತಭುಜದ್ದು 52,055, ಅಷ್ಟಭುಜದ್ದು 45,922, ನವಭುಜದ್ದು 41,031.

ಇಂದಿನ ಗಣನೆಯೊಡನೆ ತಾಳೆ ನೋಡಿದರೆ ಇವುಗಳಲ್ಲಿ ಐದು ಚಾಚೂ ತಪ್ಪಿಲ್ಲ. ಏಳು ಭುಜಗಳದ್ದೂ ಒಂಬತ್ತು ಭುಜಗಳದ್ದೂ ಮಾತ್ರ ಹನ್ನೊಂದು ಹನ್ನೊಂದರಷ್ಟು ಕಡಿಮೆ. ಇದು ಆಚಾರ್ಯನ ಅಜಾಗ್ರತೆಯಲ್ಲ. ಕೈವಾರವೂ ಗೀಟುಗಳಿಲ್ಲದ ಪಟ್ಟಿಯೂ ಮಾಡಬಲ್ಲ ಕಾರ್ಯವೆಲ್ಲವೂ ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ, ವರ್ಗಮೂಲಗಳಲ್ಲಿಯೇ ಮುಗಿಯುತ್ತದೆ. ಉಳಿದ ಐದು ಆಕೃತಿಗಳು ಅಷ್ಟರಲ್ಲಿಯೇ ದಕ್ಕುತ್ತವೆ, ಈ ಎರಡು ಮಾತ್ರ ಘನಸಮೀಕರಣವನ್ನು ಬೇಡುತ್ತವೆ.

ಜತ್ತ ತಾಲೂಕಿನ ಕನ್ನಡ ಶಾಲೆಯ ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದಲೇ ಪಂಚಭುಜವನ್ನು ಬರೆಯಬಹುದು. 6 ಸೆಂಟಿಮೀಟರ್ ತ್ರಿಜ್ಯದ ವೃತ್ತವೊಂದನ್ನೆಳೆದು, ಪರಸ್ಪರ ಲಂಬವಾದ ಎರಡು ವ್ಯಾಸಗಳನ್ನು ಹಾಕಿ, ಅಡ್ಡವ್ಯಾಸದ ಬಲ ಅರ್ಧದ ನಡುವೆ ಕೈವಾರದ ಮೊನೆಯನ್ನೂರಿ, ಪೆನ್ಸಿಲನ್ನು ನೆಟ್ಟಗಿನ ವ್ಯಾಸದ ಮೇಲ್ತುದಿಗೆ ತಾಗಿಸಿ, ಅಲ್ಲಿಂದ ಕಂಸವನ್ನು ಎಡಕ್ಕೆ ಇಳಿಸಿದರೆ ಅದು ಅಡ್ಡವ್ಯಾಸವನ್ನು ಒಂದು ಬಿಂದುವಿನಲ್ಲಿ ಕಡಿಯುತ್ತದೆ. ಆ ಬಿಂದುವಿನಿಂದ ಮೇಲ್ತುದಿಗಿರುವ ದೂರವೇ ಪಂಚಭುಜದ ಬಾಹು. ಅಳೆದರೆ ಸುಮಾರು ಎಪ್ಪತ್ತೂವರೆ ಮಿಲಿಮೀಟರ್, ‘ಲೀಲಾವತಿ’ಯ ಸಂಖ್ಯೆಯೇ ಸರಿ!

ಯೂಕ್ಲಿಡನು ಮೂರು, ನಾಲ್ಕು, ಐದು, ಆರು, ಹದಿನೈದು ಭುಜಗಳ ಆಕೃತಿಗಳನ್ನು ಬರೆದು ತೋರಿಸಿದ ಮೇಲೆ ಎರಡು ಸಾವಿರ ವರ್ಷಗಳ ಕಾಲ ಹೊಸದೇನೂ ಸೇರಲಿಲ್ಲ. ಭುಜಗಳನ್ನು ಇಮ್ಮಡಿಸುತ್ತ ಹೋಗುವುದೊಂದೇ ದಾರಿಯಾಗಿತ್ತು. 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಜರ್ಮನ್ ತರುಣ ಗೌಸನು ಹದಿನೇಳು ಭುಜಗಳ ಆಕೃತಿ ಸಾಧ್ಯವೆಂದು ಕಂಡುಕೊಂಡನು. ಭುಜಗಳ ಸಂಖ್ಯೆ ಅವಿಭಾಜ್ಯವಾಗಿದ್ದು, ಅದರಲ್ಲಿ ಒಂದನ್ನು ಕಳೆದರೆ ಎರಡರ ಘಾತವೇ ಉಳಿಯುವುದಾದರೆ ಕೈವಾರ ಸಾಕು. ಹದಿನೇಳರಲ್ಲಿ ಒಂದು ಕಳೆದರೆ ಹದಿನಾರು, ಸರಿ. ಏಳರಲ್ಲಿ ಕಳೆದರೆ ಆರು, ಸಲ್ಲದು. ಒಂಬತ್ತಂತೂ ಮೂರು ಮೂರಲ, ಒಂದೇ ಬೆಸ ಅವಿಭಾಜ್ಯ ಎರಡು ಸಲ ಬರುವುದರಿಂದ ಅದೂ ಸಲ್ಲದು. ಈ ಸಿದ್ಧಾಂತವನ್ನೊಳಗೊಂಡ ಅವನ ಮಹಾಗ್ರಂಥ ಅಚ್ಚಾದದ್ದು 1801ರಲ್ಲಿ. ಏಳು, ಒಂಬತ್ತು ಭುಜಗಳು ಎಂದೆಂದಿಗೂ ಅಸಾಧ್ಯವೆಂಬುದಕ್ಕೆ ಪೂರ್ಣ ಪ್ರಮಾಣವನ್ನು 1837ರಲ್ಲಿ ಫ್ರಾನ್ಸಿನ ವಾಂಟ್ಸೆಲನು ಒದಗಿಸಿದನು.

ಹಾಗೆಂದು ಭಾಸ್ಕರನ ಸಪ್ತಭುಜವನ್ನು ಹಗುರವಾಗಿ ಎಣಿಸಬಾರದು. ಆ 6 ಸೆಂಟಿಮೀಟರ್ ತ್ರಿಜ್ಯದ ವೃತ್ತದಲ್ಲಿಯೇ ಕೈವಾರವನ್ನು 52 ಮಿಲಿಮೀಟರಿಗೆ ತೆರೆದು ಏಳು ಸಲ ನಡೆಯಿಸಿದರೆ, ಕೊನೆಯ ಗುರುತು ಮೊದಲನೆಯದಕ್ಕೆ ಅರ್ಧ ಮಿಲಿಮೀಟರಿನಷ್ಟು ಮುಂಚೆಯೇ ನಿಲ್ಲುತ್ತದೆ, ಆಚಾರ್ಯನ 52.055ನ್ನು ಕರಾರುವಾಕ್ಕಾಗಿ ಹಿಡಿಯಲಾದರೆ ಆ ಅಂತರ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗೂ ಕಡಿಮೆ, ಚೂಪಾಗಿ ಕೆತ್ತಿದ ಪೆನ್ಸಿಲಿನ ಗೆರೆಯೂ ಅದಕ್ಕಿಂತ ದಪ್ಪ.