ಕಾಲು ಸೆಕೆಂಡಿನ ಹೊಡೆತಕ್ಕೆ ಅರ್ಧ ನಿಮಿಷದ ಅಭ್ಯಾಸ

ಗಾಲ್ಫ್ ಆಟಗಾರ ತನ್ನ ಕೋಲನ್ನು, ಅಂದರೆ ಕ್ಲಬ್ಬನ್ನು, ಹೆಗಲ ಮೇಲಿಂದ ಇಳಿಸಿ ಚೆಂಡಿಗೆ ತಾಗಿಸಲು ತೆಗೆದುಕೊಳ್ಳುವ ಸಮಯ ಸುಮಾರು ಕಾಲು ಸೆಕೆಂಡು. ಕಣ್ಣಿಗೆ ಬಿದ್ದದ್ದಕ್ಕೆ ನಮ್ಮ ಕೈ ಪ್ರತಿಕ್ರಿಯಿಸಲು ಬೇಕಾಗುವ ಸಮಯವೂ ಹೆಚ್ಚೂಕಡಿಮೆ ಅಷ್ಟೇ. ಕ್ಲಬ್ ಇಳಿಯಲು ಶುರುವಾದ ಮೇಲೆ ‘ಅಯ್ಯೋ, ಮಣಿಕಟ್ಟು ತಿರುಗಿತಲ್ಲ’ ಎಂದು ಹೊಳೆದು, ಸರಿಪಡಿಸೋಣ ಅನ್ನುವಷ್ಟರಲ್ಲಿ ಚೆಂಡು ಪಕ್ಕದ ಗಿಡಗಂಟಿಯೊಳಗೆ ಬಿದ್ದಿರುತ್ತದೆ. ಆ ಕಾಲು ಸೆಕೆಂಡಿನಲ್ಲಿ ಏನು ಮಾಡಬೇಕೆಂಬುದು ಮೈಗೆ ಮೊದಲೇ ಗೊತ್ತಿರಬೇಕು.

ಗೊತ್ತು ಮಾಡಿಸುವುದು ಹೇಗೆ? ಸಾವಿರ ಸಲ ಜೋರಾಗಿ ಬೀಸಿದರೆ ತಾನಾಗಿಯೇ ಬರುತ್ತದೆ ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ಸಾವಿರ ಸಲ ತಪ್ಪಾಗಿ ಬೀಸಿದರೆ ಮೈಯಲ್ಲಿ ಗಟ್ಟಿಯಾಗುವುದು ಆ ತಪ್ಪೇ. ಅದಕ್ಕೇ ಗಾಲ್ಫ್ ಕಲಿಸುವವರು ಹೇಳಿಕೊಡುವ ಒಂದು ಅಭ್ಯಾಸವಿದೆ: ಚೆಂಡಿಲ್ಲದೆ, ಅದೇ ಹೊಡೆತವನ್ನು ಸಿನಿಮಾದ ಸ್ಲೋ ಮೋಷನ್‌ನಂತೆ ಅರ್ಧ ನಿಮಿಷದವರೆಗೆ ಎಳೆದು ಮಾಡುವುದು. ಅಮೆರಿಕದ ಬೆನ್ ಹೋಗನ್ 1949ರಲ್ಲಿ ಬಸ್ಸಿಗೆ ಕಾರು ಡಿಕ್ಕಿಯಾಗಿ ಸಾವಿನ ಬಾಯಿಂದ ಪಾರಾದವರು. ಮರುವರ್ಷವೇ ಯುಎಸ್ ಓಪನ್ ಗೆದ್ದರು, 1953ರಲ್ಲಿ ಮೂರು ಮೇಜರ್ ಪ್ರಶಸ್ತಿ ಗೆದ್ದರು. ಅವರು ನಿಧಾನವಾಗಿ ಕ್ಲಬ್ ಬೀಸಿ ತೋರಿಸುವ ಹಳೆಯ ಚಿತ್ರೀಕರಣವನ್ನು ಗಾಲ್ಫ್ ಕಲಿಯುವವರು ಇವತ್ತಿಗೂ ಹುಡುಕಿ ನೋಡುತ್ತಾರೆ.

ತಳಕಿಗೂ ಗಾಲ್ಫ್‌ಗೂ ಏನು ಸಂಬಂಧ?

ನೀವು ಹೀಗೆ ಕೇಳುವುದು ಸಹಜ. ತ.ರಾ.ಸು. ಹೆಸರಿನಲ್ಲಿರುವ ‘ತ’ ನಮ್ಮೂರು. ಸುತ್ತ ಶೇಂಗಾ ಹೊಲ, ಕುರಿ ಹಿಂಡು, ಬಿಸಿಲು. ಗಾಲ್ಫ್ ಮೈದಾನದ ಹುಲ್ಲಿಗೆ ಹಾಯಿಸುವಷ್ಟು ನೀರು ನಮ್ಮ ಕಡೆ ಸಿಕ್ಕಿದ್ದರೆ ರೈತರು ಇನ್ನೊಂದು ಬೆಳೆ ತೆಗೆಯುತ್ತಿದ್ದರು. ಕರ್ನಾಟಕಕ್ಕೆ ಗಾಲ್ಫ್ ಹೊಸದಲ್ಲ, ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದೇ 1876ರಲ್ಲಿ. ಆದರೂ ಅದು ಕಾಂಪೌಂಡಿನ ಒಳಗಿನ ಆಟವಾಗಿಯೇ ಉಳಿದಿದೆ. ನಾನು ಬಿ.ಇ. ಓದಲು ಬೆಂಗಳೂರಿಗೆ ಹೋದ ಮೇಲೆ, ಸಹಪಾಠಿಯೊಬ್ಬನ ಜೊತೆ ಕೆಲವು ಭಾನುವಾರ ಡ್ರೈವಿಂಗ್ ರೇಂಜ್‌ಗೆ ಹೋಗಿದ್ದೇನೆ. ಡ್ರೈವಿಂಗ್ ರೇಂಜ್ ಅಂದರೆ ಬಕೆಟ್ ಲೆಕ್ಕದಲ್ಲಿ ಚೆಂಡು ತೆಗೆದುಕೊಂಡು, ನಿಂತಲ್ಲೇ ನಿಂತು ಹೊಡೆಯುವ ಜಾಗ. ಅಲ್ಲಿ ಎಲ್ಲರಿಗೂ ಬಕೆಟ್ ಖಾಲಿ ಮಾಡುವ ಅವಸರ. ಕೋಚ್ ಒಬ್ಬರು ಮಾತ್ರ ಹೊಸಬರ ಕೈಗೆ ಚೆಂಡನ್ನೇ ಕೊಡದೆ, ಅರ್ಧ ಗಂಟೆ ಬರೀ ನಿಧಾನವಾಗಿ ಬೀಸಿಸುತ್ತಿದ್ದರು. ನನಗೆ ಆಟಕ್ಕಿಂತ ಆ ಅರ್ಧ ಗಂಟೆಯ ಬಗ್ಗೆಯೇ ಕುತೂಹಲ ಬೆಳೆಯಿತು.

ಆಟ ಕಾಂಪೌಂಡಿನ ಒಳಗಿನದು ನಿಜ, ಆದರೆ ಒಳಗೆ ಹೋದ ಹಳ್ಳಿ ಹುಡುಗರೂ ಇದ್ದಾರೆ. ಎಸ್. ಚಿಕ್ಕರಂಗಪ್ಪ ಬಿಡದಿಯ ಈಗಲ್‌ಟನ್ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದವರು. ಹುಡುಗನಾಗಿದ್ದಾಗ ಬೇರೆಯವರ ಆಟಕ್ಕೆ ಕ್ಯಾಡಿಯಾಗಿದ್ದವರು 2015ರಲ್ಲಿ ಭಾರತದ ವೃತ್ತಿಪರ ಟೂರ್‌ನಲ್ಲಿ ವರ್ಷದ ಅಗ್ರಸ್ಥಾನ ಪಡೆದರು. ಸ್ಪೇನ್‌ನ ಸೆವೆ ಬಯೆಸ್ಟೆರೋಸ್ ಬಾಲ್ಯದಲ್ಲಿ ಕಲಿತದ್ದು ಸಮುದ್ರ ತೀರದ ಮರಳಿನ ಮೇಲೆ, ಒಂದೇ ಒಂದು ಕ್ಲಬ್ ಹಿಡಿದು. ಮುಂದೆ ಐದು ಮೇಜರ್ ಪ್ರಶಸ್ತಿ ಗೆದ್ದರು.

ಇನ್ನು ನಮ್ಮ ಬೆಂಗಳೂರಿನ ಅದಿತಿ ಅಶೋಕ್. ಟೋಕಿಯೊ ಒಲಿಂಪಿಕ್ಸ್‌ನ ಆ ಶನಿವಾರ ಗಾಲ್ಫ್ ನಿಯಮ ಗೊತ್ತಿಲ್ಲದವರೂ ಬೆಳಿಗ್ಗೆಯೇ ಟಿ.ವಿ. ಮುಂದೆ ಕೂತಿದ್ದರು. ನಾಲ್ಕು ದಿನ, 72 ಕುಳಿ, 269 ಹೊಡೆತ. ಚಿನ್ನ ಗೆದ್ದ ನೆಲ್ಲಿ ಕೊರ್ಡಾ ಅವರದ್ದು 267. ಒಂದೇ ಒಂದು ಹೊಡೆತದಿಂದ ಅದಿತಿಗೆ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂತು. ನೆನಪಿಡಬೇಕಾದ ಸಂಗತಿ ಎಂದರೆ, ಆ ಕಣದಲ್ಲಿ ಅದಿತಿ ದೂರ ಹೊಡೆಯುವವರ ಸಾಲಿನಲ್ಲಿ ಇರಲಿಲ್ಲ. ಅವರನ್ನು ಅಲ್ಲಿಯವರೆಗೆ ಒಯ್ದದ್ದು ನಿಖರತೆ ಮತ್ತು ಪಟ್ಟಿಂಗ್. ಜೋರು ಎಲ್ಲವೂ ಅಲ್ಲ.

ಮೊದಲು ಯಾವುದು ಅಲುಗಿತು?

ಹೊರಗಿನಿಂದ ನೋಡಿದರೆ ಗಾಲ್ಫ್ ಹೊಡೆತ ಕೈಗಳ ಕೆಲಸ ಅನಿಸುತ್ತದೆ. ನಿಜವಾಗಿ ಅದು ನೆಲದಿಂದ ಶುರುವಾಗುತ್ತದೆ. ಬಲಗೈ ಆಟಗಾರ ಕ್ಲಬ್ ಮೇಲೆತ್ತಿದಾಗ ಭಾರ ಬಲಗಾಲಿನ ಕಡೆ ಇರುತ್ತದೆ. ಇಳಿಯುವಾಗ ಮೊದಲು ಭಾರ ಎಡಗಾಲಿಗೆ ಸರಿಯಬೇಕು. ನಂತರ ಸೊಂಟ ತಿರುಗಬೇಕು, ಆಮೇಲೆ ಎದೆ, ಆಮೇಲೆ ತೋಳು, ಕೊನೆಗೆ ಕ್ಲಬ್. ಒಂದೊಂದು ಭಾಗವೂ ತನ್ನ ವೇಗವನ್ನು ಮುಂದಿನದಕ್ಕೆ ದಾಟಿಸಿ ತಾನು ನಿಧಾನವಾಗುತ್ತದೆ. ಬಾರುಕೋಲು ಬೀಸಿದಾಗ ಹಿಡಿಯ ವೇಗ ತುದಿಗೆ ಹೋಗಿ ‘ಛಟೀರ್’ ಅನ್ನುವುದೂ ಹೀಗೇ.

ಈ ಸರಪಳಿ ಸರಿಯಾಗಿ ನಡೆದರೆ ವೃತ್ತಿಪರರ ಕ್ಲಬ್ಬಿನ ತುದಿ ಗಂಟೆಗೆ 180 ಕಿ.ಮೀ. ಆಸುಪಾಸಿನ ವೇಗ ಮುಟ್ಟುತ್ತದೆ. ಅದು 46 ಗ್ರಾಂ ಕೂಡ ತೂಗದ ಚೆಂಡಿಗೆ ತಾಗಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಆ ಕ್ಷಣದ ಕೋನವೇ ಚೆಂಡಿನ ದಿಕ್ಕನ್ನು ಬಹುಪಾಲು ನಿರ್ಧರಿಸುತ್ತದೆ. ತ್ರಿಕೋನಮಿತಿ ನೆನಪಿದ್ದರೆ ಲೆಕ್ಕ ಹಾಕಿ: ಚೆಂಡು ಎರಡು ಡಿಗ್ರಿ ಓರೆಯಾಗಿ ಹೊರಟರೆ 200 ಮೀಟರ್ ಆಚೆ ಸುಮಾರು ಏಳು ಮೀಟರ್ ಪಕ್ಕಕ್ಕೆ ಬೀಳುತ್ತದೆ.

ಹೊಸಬರಲ್ಲಿ ಸಾಮಾನ್ಯವಾಗಿ ಈ ಸರಪಳಿ ತಿರುಗುಮುರುಗಾಗುತ್ತದೆ. ಹೊಡೆಯುವ ಆತುರಕ್ಕೆ ಕೈಗಳು ಮೊದಲು ಇಳಿಯುತ್ತವೆ, ಸೊಂಟ ಹಿಂದೆ ಉಳಿಯುತ್ತದೆ. ಪೂರ್ತಿ ವೇಗದಲ್ಲಿ ಇದು ಆಟಗಾರನಿಗೇ ತಿಳಿಯುವುದಿಲ್ಲ. ಅರ್ಧ ನಿಮಿಷಕ್ಕೆ ಎಳೆದಾಗ ಮಾತ್ರ ‘ಮೊದಲು ಯಾವುದು ಅಲುಗಿತು?’ ಎಂದು ತನ್ನನ್ನೇ ಕೇಳಿಕೊಳ್ಳುವಷ್ಟು ಬಿಡುವು ಸಿಗುತ್ತದೆ. ನಿಧಾನದ ಅಭ್ಯಾಸದ ಲಾಭ ಇರುವುದು ಈ ಒಂದು ಪ್ರಶ್ನೆಯಲ್ಲಿ.

ಗುದ್ದಲಿ ಕಾವು ಸಾಕು

ಇದಕ್ಕೆ ಮೈದಾನ ಬೇಡ, ಚೆಂಡು ಬೇಡ, ಕ್ಲಬ್ಬೂ ಬೇಡ. ರಜೆಗೆ ಊರಿಗೆ ಬಂದಾಗ ನಾನು ಮಾಳಿಗೆಯ ಮೇಲೆ ಗುದ್ದಲಿ ಕಾವು ಹಿಡಿದು ಮಾಡುತ್ತೇನೆ. ಕ್ರಮ ಹೀಗಿದೆ.

ಮೊದಲು ಕಾಲು ಊರಿ, ಸೊಂಟದಿಂದ ಸ್ವಲ್ಪ ಬಾಗಿ ನಿಲ್ಲಿ. ಕೋಲನ್ನು ನಿಧಾನ ಹಿಂದಕ್ಕೆ ಒಯ್ದು, ಸೊಂಟದ ಮಟ್ಟದಲ್ಲಿ ಅದು ನೆಲಕ್ಕೆ ಸಮಾನಾಂತರವಾದಾಗ ನಿಲ್ಲಿಸಿ. ಉಸಿರು ಬಿಡಿ, ನೋಡಿಕೊಳ್ಳಿ. ಮತ್ತೆ ಮೇಲಕ್ಕೆ. ತುದಿ ಮುಟ್ಟಿದಾಗ ನಿಮ್ಮ ಬೆನ್ನು ಗುರಿಯ ಕಡೆ ಇರಬೇಕು. ಅಲ್ಲಿ ಎರಡನೇ ನಿಲುಗಡೆ. ಈಗ ಕೈ ಅಲುಗಿಸದೆ ಭಾರವನ್ನು ಎಡಗಾಲಿಗೆ ತನ್ನಿ. ಇಡೀ ಅಭ್ಯಾಸದಲ್ಲಿ ಕಷ್ಟವಾದದ್ದು ಇದೇ, ಬೆಲೆಯಿರುವುದೂ ಇದಕ್ಕೇ. ನಂತರ ಸೊಂಟ ತಿರುಗಲಿ, ಕೈಗಳು ಅದರ ಹಿಂದೆ ಇಳಿಯಲಿ. ಚೆಂಡು ಇರಬೇಕಾದ ಜಾಗದಲ್ಲಿ ಮತ್ತೊಮ್ಮೆ ನಿಲ್ಲಿಸಿ: ಸೊಂಟ ಆಗಲೇ ಗುರಿಯ ಕಡೆ ತೆರೆದುಕೊಂಡಿದೆಯೇ? ತಲೆ ಹಿಂದೆಯೇ ಉಳಿದಿದೆಯೇ? ಕೊನೆಗೆ ಪೂರ್ತಿ ತಿರುಗಿ, ಎಡಗಾಲಿನ ಮೇಲೆ ನಿಂತು ಮೂರು ಎಣಿಸಿ. ವಾಲಿದರೆ ದಾರಿಯಲ್ಲಿ ಎಲ್ಲೋ ಭಾರ ತಪ್ಪಿದೆ ಎಂದೇ ಅರ್ಥ. ಎರಡೂ ಪಾದ ಜೋಡಿಸಿಟ್ಟು ಮಾಡುವ ಇನ್ನೊಂದು ಅಭ್ಯಾಸವಿದೆ. ಅದರಲ್ಲಿ ಸಮತೋಲನ ತಪ್ಪಿದ್ದು ತಕ್ಷಣ ತಿಳಿಯುತ್ತದೆ.

ನಮ್ಮಜ್ಜಿ ಒಂದು ಸಂಜೆ ಮೆಟ್ಟಿಲ ಹತ್ತಿರ ನಿಂತು ನೋಡಿ, “ಅದೇನೋ ಅದು, ಹಲ್ಲಿ ಹುಳಕ್ಕೆ ಹೊಂಚು ಹಾಕ್ದಂಗೆ ಆಡ್ತೀಯ?” ಅಂದರು.

“ಆಟ ಕಣಜ್ಜಿ ಇದು.”

“ಆಟ ಅಂದ್ರೆ ಮೈ ಬೆವರಬೇಕಪ್ಪ.”

ಹತ್ತು ನಿಮಿಷದಲ್ಲಿ ಬೆವರೂ ಬಂತು. ಜೋರಾಗಿ ಬೀಸಿದಾಗ ವೇಗವೇ ಕೋಲನ್ನು ಒಯ್ಯುತ್ತದೆ. ನಿಧಾನ ಮಾಡಿದಾಗ ಪ್ರತಿ ಅಂಗುಲದಲ್ಲೂ ತೂಕವನ್ನು ಸ್ನಾಯುಗಳೇ ಹೊರಬೇಕು. ತೊಡೆ, ಹೊಟ್ಟೆ, ಬೆನ್ನು ಮೂರೂ ಮಾತಾಡುತ್ತವೆ.

ಕೈಯಲ್ಲಿರುವ ಮೊಬೈಲನ್ನೂ ಬಳಸಿಕೊಳ್ಳಬಹುದು. ಮಾಮೂಲಿ ವಿಡಿಯೊದಲ್ಲಿ ಸೆಕೆಂಡಿಗೆ 30 ಚಿತ್ರ ಇದ್ದರೆ ಆ ಕಾಲು ಸೆಕೆಂಡಿಗೆ ಸಿಗುವುದು ಏಳೆಂಟು ಚಿತ್ರ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಇದ್ದರೆ ಅರವತ್ತು. ನಿಧಾನವಾಗಿ ಮಾಡಿದ್ದನ್ನೂ ಪೂರ್ತಿ ವೇಗದಲ್ಲಿ ಮಾಡಿದ್ದನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ಎಲ್ಲಿ ದಾರಿ ಬೇರೆಯಾಯಿತೆಂದು ಕಾಣುತ್ತದೆ.

ನಿಧಾನ ಕಲಿಸದೇ ಇರುವುದು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ನಿಧಾನದ ಹೊಡೆತವು ವೇಗದ ಹೊಡೆತದ ಚಿಕ್ಕ ನಕಲಲ್ಲ. 200 ಗ್ರಾಂ ತೂಕದ ಕ್ಲಬ್ ತುದಿ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ, ಒಂದೂವರೆ ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತಿದೆ ಎಂದಿಟ್ಟುಕೊಳ್ಳಿ. ಅದನ್ನು ಹಿಡಿದಿಡಲು ಬೇಕಾದ ಬಲ ಸುಮಾರು 330 ನ್ಯೂಟನ್, ಅಂದರೆ 34 ಕೆ.ಜಿ. ಚೀಲ ಹಿಡಿದಷ್ಟು. ವೇಗ ಹತ್ತನೇ ಒಂದಾದರೆ ಬಲ ನೂರನೇ ಒಂದಾಗುತ್ತದೆ: ಬರೀ 340 ಗ್ರಾಂ. ಆ ಎಳೆತ, ಕ್ಲಬ್ಬಿನ ದಂಡ ಬಾಗುವುದು, ಮಣಿಕಟ್ಟು ತಾನಾಗಿ ಬಿಚ್ಚಿಕೊಳ್ಳುವ ಗಳಿಗೆ ಇವ್ಯಾವುವೂ ನಿಧಾನದಲ್ಲಿ ಅನುಭವಕ್ಕೆ ಬರುವುದಿಲ್ಲ. ನಿಧಾನ ಕಲಿಸುವುದು ಕ್ರಮವನ್ನು. ಗಳಿಗೆಯನ್ನು ಕಲಿಸುವುದು ವೇಗವೇ.

ಕೋಡಿಂಗ್ ಮಾಡುವ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರೋಗ್ರಾಂ ಕೆಟ್ಟಾಗ ಡೀಬಗರ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ಒಂದೊಂದೇ ಸಾಲು ಓಡಿಸುತ್ತೇವೆ. ಬಹಳಷ್ಟು ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ಕೆಲವು ಬಗ್‌ಗಳು ಪೂರ್ತಿ ವೇಗದಲ್ಲಿ ಮಾತ್ರ ಕಾಣಿಸಿಕೊಂಡು, ಸಾಲು ಸಾಲಾಗಿ ನೋಡಿದಾಗ ಮಾಯವಾಗುತ್ತವೆ. ಗಾಲ್ಫ್‌ನಲ್ಲೂ ಹಾಗೆಯೇ.

ಅದಕ್ಕೆ ದಾರಿ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಮೊದಲು ಚೆಂಡಿಲ್ಲದೆ ನಿಧಾನ, ಆಮೇಲೆ ಕಾಲು ವೇಗದಲ್ಲಿ ಚೆಂಡಿನೊಂದಿಗೆ, ಆಮೇಲೆ ಅರ್ಧ, ಮುಕ್ಕಾಲು, ಪೂರ್ತಿ. ಕ್ರಮ ಕೆಟ್ಟಿತೆನಿಸಿದರೆ ಒಂದು ಮೆಟ್ಟಿಲು ಕೆಳಗೆ. ಜಾನ್ ನೊವೊಸೆಲ್ ಎಂಬ ಅಮೆರಿಕನ್ ವೃತ್ತಿಪರರ ವಿಡಿಯೊಗಳ ಚಿತ್ರಗಳನ್ನು ಎಣಿಸಿ, 2004ರ ಪುಸ್ತಕವೊಂದರಲ್ಲಿ ಒಂದು ಅನುಪಾತ ಹೇಳಿದರು: ಮೇಲೆತ್ತುವ ಸಮಯ ಮೂರು ಪಾಲಾದರೆ ಇಳಿಸುವುದು ಒಂದು ಪಾಲು. ಕೆಲವರ ಹೊಡೆತ ಬೇಗ, ಕೆಲವರದ್ದು ನಿಧಾನ. ಅನುಪಾತ ಮಾತ್ರ ಹೆಚ್ಚೂಕಡಿಮೆ ಒಂದೇ. ವೇಗ ಏರಿಸುವಾಗ ಈ ಲಯ ಕೈಬಿಡದಿದ್ದರೆ ಸಾಕು.

ಇದು ನಮಗೆ ಪರಕೀಯ ವಿದ್ಯೆಯೇನೂ ಅಲ್ಲ. ಪುರಂದರದಾಸರು ಹಾಕಿಕೊಟ್ಟರೆಂದು ಹೇಳುವ ಸರಳೆ ವರಸೆಯನ್ನು ಮಕ್ಕಳು ಇವತ್ತಿಗೂ ಮೊದಲ ಕಾಲ, ಎರಡನೇ ಕಾಲ, ಮೂರನೇ ಕಾಲ ಎಂದೇ ಹಾಡಿ ಕಲಿಯುತ್ತಾರೆ. ಮೊದಲ ಕಾಲದಲ್ಲಿ ಸ್ವರ ನಿಲ್ಲದವನನ್ನು ಗುರುಗಳು ಎರಡಕ್ಕೆ ಬಿಡುವುದಿಲ್ಲ. ನಮ್ಮ ಪಕ್ಕದ ಮೊಳಕಾಲ್ಮೂರಿನ ರೇಷ್ಮೆ ಮಗ್ಗದಲ್ಲೂ ಕಾಲಲ್ಲಿ ತುಳಿದು, ಲಾಳಿ ಎಸೆದು, ಬಡಿಯುವುದಕ್ಕೆ ಒಂದು ಕ್ರಮವಿದೆ. ಕ್ರಮ ಕೂರುವ ಮೊದಲೇ ಅವಸರ ಮಾಡಿದರೆ ಕೆಡುವುದು ಸೀರೆ.

ಗಡಿಯಾರ ಬೋರಲು ಹಾಕಿ

ನಮ್ಮ ಕಡೆಯ ಹುಡುಗ ಹುಡುಗಿಯರು ಓದುವುದು ಗಡಿಯಾರ ನೋಡಿಕೊಂಡೇ. ಪೊಲೀಸ್ ಕಾನ್‌ಸ್ಟೆಬಲ್, ಪಿಡಿಒ, ಬ್ಯಾಂಕ್, ಕ್ಯಾಂಪಸ್ ಆ್ಯಪ್ಟಿಟ್ಯೂಡ್ ಹೀಗೆ ಎಲ್ಲ ಪರೀಕ್ಷೆಯೂ ವೇಗ ಕೇಳುತ್ತದೆ. ಹಾಗಾಗಿ ನಾವು ಮೊದಲ ದಿನದಿಂದಲೇ ವೇಗವನ್ನೇ ಅಭ್ಯಾಸ ಮಾಡುತ್ತೇವೆ. ಮಾಕ್ ಟೆಸ್ಟ್ ಮೇಲೆ ಮಾಕ್ ಟೆಸ್ಟ್, ಶಾರ್ಟ್‌ಕಟ್ ಮೇಲೆ ಶಾರ್ಟ್‌ಕಟ್. ಅಂಕ ಒಂದೇ ಕಡೆ ನಿಂತುಬಿಟ್ಟಾಗ ಇನ್ನೊಂದು ಕೋಚಿಂಗ್‌ಗೆ ಹಣ ಹೊಂದಿಸಲು ಮನೆಯಲ್ಲಿ ಕೇಳುತ್ತೇವೆ. ಅದು ಬಕೆಟ್ ಮೇಲೆ ಬಕೆಟ್ ಚೆಂಡು ಹೊಡೆದಂತೆಯೇ. ಎಷ್ಟು ಬಕೆಟ್ ಖಾಲಿಯಾದರೂ ಮೊದಲು ಯಾವುದು ಅಲುಗಿತು ಎಂಬುದು ಗೊತ್ತಾಗುವುದಿಲ್ಲ.

ಮಾಕ್ ಟೆಸ್ಟ್ ಬೇಡ ಎನ್ನುತ್ತಿಲ್ಲ. ಗಳಿಗೆ ಕಲಿಯಲು ಅದು ಬೇಕೇ ಬೇಕು. ಆದರೆ ದಿನಕ್ಕೆ ಒಂದು ಲೆಕ್ಕವನ್ನಾದರೂ, ನಿನ್ನೆ ತಪ್ಪಿದ್ದನ್ನೇ ಎತ್ತಿಕೊಂಡು, ಗಡಿಯಾರ ಬೋರಲು ಹಾಕಿ ಮಾಡಿ ನೋಡಿ. ಪ್ರಶ್ನೆ ಓದುವಾಗಲೇ ತಪ್ಪಿತೇ? ಸೂತ್ರ ಆರಿಸುವಾಗಲೇ? ಕೂಡುವಾಗಲೇ? ಒಂದೊಂದು ಹೆಜ್ಜೆಯಲ್ಲೂ ನಿಂತು, ಮುಂದಿನ ಹೆಜ್ಜೆ ಏಕೆ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಸಂದರ್ಶನದ ಉತ್ತರವನ್ನೂ ಹಾಗೆಯೇ ಒಂದೊಂದೇ ವಾಕ್ಯವಾಗಿ ಮೊಬೈಲ್‌ನಲ್ಲಿ ಮುದ್ರಿಸಿ ಕೇಳಿಸಿಕೊಳ್ಳಿ. ಮರುದಿನ ಅದನ್ನೇ ಸ್ವಲ್ಪ ಬೇಗ. ವಾರದ ಕೊನೆಗೆ ಪೂರ್ತಿ ವೇಗದಲ್ಲಿ.

ಕ್ಲಬ್ ದುಬಾರಿ, ಮೈದಾನ ನಮ್ಮೂರಿಂದ ದೂರ, ಕೋಚಿಂಗ್ ಫೀಸು ಎಲ್ಲರಿಗೂ ಎಟುಕುವುದಿಲ್ಲ. ನಿಧಾನದ ಅಭ್ಯಾಸಕ್ಕೆ ಮಾತ್ರ ಇವ್ಯಾವುದರ ಹಂಗೂ ಇಲ್ಲ. ಅದು ಕೇಳುವುದು ದಿನಕ್ಕೆ ಹತ್ತು ನಿಮಿಷ, ಜೊತೆಗೆ ಯಾರಾದರೂ ನೋಡಿ ನಕ್ಕರೂ ನಡುವೆ ನಿಲ್ಲಿಸದ ಸ್ವಲ್ಪ ಮೊಂಡುತನ.

– ಬಿ.ಇ. ವಿದ್ಯಾರ್ಥಿ, ತಳಕು, ಚಳ್ಳಕೆರೆ ತಾಲ್ಲೂಕು